ಕಸ ಬೆಂಗಳೂರಿಂದು, ಮುದ್ದೆ ಮೇಲೆ ನೊಣ ಮಂಡೂರಿಂದು: ಇದಕ್ಕೆ ಲೆಕ್ಕ ಇಟ್ಟವರು ಯಾರು?

ಹೆಬ್ಬಾಳ_ದಾಟಿ:
2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆ ಕಸಕ್ಕೂ ಬೇರೆ ಶುಲ್ಕ ಕಟ್ತಿದೀವಲ್ಲ, ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಅದ್ರ ಮೇಲೆ ಭರ್ಜರಿ ಜಗಳ ನಡೀತು. ಎಷ್ಟು ಚದರಡಿಗೆ ಎಷ್ಟು, ಖಾಲಿ ಫ್ಲ್ಯಾಟಿಗೂ ಯಾಕೆ, ಅಸೋಸಿಯೇಷನ್ನೇ ಪ್ರೈವೇಟ್ ವೆಂಡರ್‌ಗೆ ದುಡ್ಡು ಕೊಡ್ತಿರುವಾಗ ಮತ್ತೆ ಪಾಲಿಕೆಗೆ ಯಾಕೆ ಅಂತ ಎಲ್ರೂ ಕೇಳಿದ್ರು. ಗೇಟ್ ದಾಟಿದ ಮೇಲೆ ಆ ಕಸ ಎಲ್ಲಿಗೆ ಹೋಗುತ್ತೆ ಅಂತ ಒಬ್ರೂ ಕೇಳ್ಲಿಲ್ಲ.

ಗೊತ್ತಿರೋದನ್ನ ಹೇಳ್ತೀನಿ, ತಪ್ಪಿದ್ರೆ ತಿದ್ದಿ. ಯಲಹಂಕ ಆಚೆ ಮಾವಳ್ಳಿಪುರದಲ್ಲಿ 2012ರವರೆಗೆ ಸುರಿದ್ರು. ಊರಿನವರು ವರ್ಷಗಟ್ಟಲೆ ಕೂಗಾಡಿದ್ರು, ಜೊತೆಗೆ ಯಲಹಂಕ ವಾಯುಪಡೆಯವರೂ ಹಕ್ಕಿಗಳ ಕಾಟ ಅಂತ ದೂರಿದ್ರು, ಕೊನೆಗೆ ಮಾಲಿನ್ಯ ನಿಯಂತ್ರಣ ಮಂಡಳಿ ಮುಚ್ಸಿತು. ಮುಚ್ಚಿದ ತಕ್ಷಣ ಊರು ತುಂಬಾ ಕಸದ ಗುಡ್ಡೆ, ಆ ಹೊತ್ತಿಗೆ ಸಿಕ್ಕಿದ್ದು ಹಳೇ ಮದ್ರಾಸ್ ರಸ್ತೆ ಕಡೆಯ ಮಂಡೂರು, ಅಲ್ಲಿ ಮೊದ್ಲೇ ಇದ್ದ ಗುಡ್ಡೆ ಇನ್ನೂ ಬೆಳೀತು. 2014ರ ಜೂನ್‌ನಲ್ಲಿ ಅಲ್ಲಿನ ಜನ ಲಾರಿ ತಡೆದು ಕೂತ್ರು, ಸರ್ಕಾರ ಡಿಸೆಂಬರ್ 1ರಿಂದ ಸುರಿಯಲ್ಲ ಅಂತ ಮಾತು ಕೊಡ್ತು. ಆಮೇಲೆ ದೊಡ್ಡಬಳ್ಳಾಪುರ ಕಡೆ, ಬಿಂಗೀಪುರ, ಲಕ್ಷ್ಮೀಪುರ, ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ. ಒಂದು ಊರು ಗೆದ್ರೆ ಇನ್ನೊಂದು ಊರು ಸೋಲ್ಬೇಕು, ಹಂಗಿದೆ ಕಥೆ.

ಇದ್ರಲ್ಲಿ ಸುಮಾರು ಜಾಗ ಹಳೇ ಕಲ್ಲು ಕ್ವಾರಿಗಳು. ಗುಂಡಿ ಹೆಂಗೂ ಇದೆ, ತುಂಬ್ಸಿಬಿಡೋಣ ಅನ್ನೋದು ಯೋಚನೆ. ಆದ್ರೆ ನಮ್ಮ ಕಡೆ ನೆಲದಡಿ ಇರೋದು ಗಟ್ಟಿ ಕಲ್ಲು, ನೀರು ಓಡಾಡೋದು ಆ ಕಲ್ಲಿನ ಬಿರುಕುಗಳಲ್ಲಿ, ಬೋರ್‌ವೆಲ್ ನೀರು ಎಳೆಯೋದೂ ಅದೇ ಬಿರುಕಿಂದ. ಡೈನಮೈಟ್ ಇಟ್ಟು ಒಡೆದ ಗುಂಡೀಲಿ ಬಿರುಕಿಗೇನು ಬರ ಇರುತ್ತಾ? ಕೆಳಗೆ ಪ್ಲಾಸ್ಟಿಕ್ ಹೊದಿಕೆ ಹಾಸ್ತೀವಿ ಅಂತಾರೆ, ಅದು ಹರಿದ್ರೆ ಇಳಿದು ನೋಡೋರು ಯಾರು?

ನನ್ನ ಪ್ರಶ್ನೆ ಇಷ್ಟೇ. ಈ ಊರುಗಳಲ್ಲಿ ಜನರ ಆರೋಗ್ಯ ಏನಾಯ್ತು ಅಂತ ಕಸ ಸುರಿಯೋ ಮುಂಚೆ, ಸುರಿಯುವಾಗ, ನಿಲ್ಲಿಸಿದ ಮೇಲೆ ಸತತವಾಗಿ ಲೆಕ್ಕ ಇಟ್ಟವರು ಇದ್ದಾರಾ? ಲಾರಿ ತೂಕದ ಲೆಕ್ಕ ಇದೆ, ಟೆಂಡರ್ ಲೆಕ್ಕ ಇದೆ. ಕೆಮ್ಮಿನ ಲೆಕ್ಕ ಎಲ್ಲಿದೆ?

ಗಿಳಿಮೂತಿ_ಮಾವು:
ಗುರು, ಐದು ಸಾವಿರ ಟನ್ ಹತ್ತಿರ ದಿನಾ ಹುಟ್ಟುತ್ತೆ, ಎಲ್ಲೋ ಒಂದ್ಕಡೆ ಹಾಕ್ಲೇಬೇಕಲ್ವಾ? ಎಂ.ಜಿ. ರೋಡಲ್ಲಿ ಹಾಕಕ್ಕಾಗುತ್ತಾ? ಜಾಗ ಅಗ್ಗ ಇರೋ ಕಡೆ, ಜನ ಕಮ್ಮಿ ಇರೋ ಕಡೆ ಹಾಕ್ತಾರೆ, ಪ್ರಪಂಚದಲ್ಲಿ ಎಲ್ಲಾ ಕಡೆ ಹಿಂಗೇ. ಇನ್ನು ಈ ಥ್ರೆಡ್ ಜಾತಿ ಕಡೆ ತಿರುಗೋದು ಗ್ಯಾರಂಟಿ, ಅದಕ್ಕೇ ಮೊದ್ಲೇ ಹೇಳ್ತಿದೀನಿ, ಇದು ಪಕ್ಕಾ ರಿಯಲ್ ಎಸ್ಟೇಟ್ ಲೆಕ್ಕಾಚಾರ ಅಷ್ಟೇ. ನಾವು ಟ್ಯಾಕ್ಸ್ ಕಟ್ತೀವಿ, ಹಸಿ ಕಸ ಒಣ ಕಸ ಬೇರೆ ಮಾಡಿ ಕೊಡ್ತೀವಿ, ಅದಾದ್ಮೇಲೆ ನಮಗ್ಯಾಕೆ ಗಿಲ್ಟ್ ಟ್ರಿಪ್?

ಒಲೆಮುಂದೆ_ಕೂತವಳು:
ಮಾವು ಅವ್ರೇ, ನಮ್ಮಮ್ಮನ ತವರು ಮಂಡೂರಿಗೆ ಹತ್ರ, ಬೇಸಿಗೆ ರಜೆಗೆ ಹೋಗ್ತಿದ್ವಿ. ಜನ ಕಮ್ಮಿ ಇರೋ ಕಡೆ ಅಂದ್ರಲ್ಲ, ಆ ಕಮ್ಮಿ ಜನದಲ್ಲಿ ನಮ್ಮಜ್ಜಿ ಒಬ್ರು.

ನೊಣದ ವಿಷ್ಯ ಹೇಳ್ತೀನಿ ಕೇಳಿ. ತಟ್ಟೆಗೆ ಮುದ್ದೆ ಹಾಕಿದ್ರೆ ಸಾರು ಬಡ್ಸೋ ಅಷ್ಟ್ರಲ್ಲಿ ಮುದ್ದೆ ಕಪ್ಪಾಗಿರೋದು. ಸೊಳ್ಳೆಪರದೆ ಒಳಗೆ ಕೂತು ಊಟ ಮಾಡ್ತಿದ್ವಿ, ತಮಾಷೆ ಅಲ್ಲ ನಿಜ. ಮಳೆ ಬಂದ್ರೆ ಗುಡ್ಡೆಯಿಂದ ಕಪ್ಪು ನೀರು ಇಳಿಯೋದು, ಬೇಸಿಗೇಲಿ ಗುಡ್ಡೆ ಒಳಗಿಂದ ಹೊಗೆ. ರಾತ್ರಿ ಹೊತ್ತು ಲಾರಿ ಸಾಲು, ಅದ್ರಿಂದ ಸೋರೋ ರಸ ರೋಡ್ ಮೇಲೆ ಬಿದ್ದು ಬೈಕ್‌ನವರು ಜಾರಿ ಬೀಳೋರು. ಆ ಕಡೆ ಗಂಡು ಮಕ್ಕಳಿಗೆ ಹೆಣ್ಣು ಕೊಡೋಕೆ ಬಂದವರು ವಾಸನೆಗೆ ಕಾಫಿ ಕುಡೀದೆ ಎದ್ದು ಹೋಗ್ತಿದ್ರು. ನಮ್ಮ ಮಾವನ ಸಂಬಂಧ ಎರಡು ಸಲ ಹಂಗೇ ಮುರ್ದಿದೆ. ಇದನ್ನೆಲ್ಲ ಯಾವ ಆರೋಗ್ಯ ಇಲಾಖೆ ಫಾರ್ಮಲ್ಲಿ ಬರೀತಾರೆ ಹೇಳಿ?

ಅಜ್ಜಿಗೆ ಕೊನೆ ಕೊನೆಗೆ ಉಸಿರಾಟದ ತೊಂದ್ರೆ ಇತ್ತು. ಕಸದಿಂದಾನೇ ಅಂತ ನಾನು ಹೇಳಲ್ಲ, ಒಲೆ ಹೊಗೇನೂ ಕುಡ್ದಿದ್ರು. ಮನೇಲೇ ಹೋದ್ರು, ಡೆತ್ ಸರ್ಟಿಫಿಕೇಟಲ್ಲಿ ವಯಸ್ಸಾಗಿತ್ತು ಅಂತ ಇದೆ.

ತಿಳಿಸಾರು:
ಆಮೇಲೆ ಬಂದದ್ದು ಏನು ಗೊತ್ತಾ, ಆರ್‌ಓ ಪ್ಲಾಂಟು. ಐದು ರೂಪಾಯಿಗೆ ಒಂದು ಕ್ಯಾನ್. ಊರ ನೀರು ಕೆಡ್ಸಿ, ಶುದ್ಧ ನೀರಿನ ಘಟಕಕ್ಕೆ ಟೇಪ್ ಕತ್ತರಿಸಿ ಫೋಟೋ. ಹಸು ಮಾತ್ರ ಬೋರ್ ನೀರೇ ಕುಡೀಬೇಕು.

ಜಯನಗರ_ನಾಲ್ಕನೇಬ್ಲಾಕ್:
@ಗಿಳಿಮೂತಿ_ಮಾವು ಬರೀ ರಿಯಲ್ ಎಸ್ಟೇಟ್ ಲೆಕ್ಕ ಅಂದ್ರಲ್ಲ, ಒಂದು ಹೋಲಿಸಿ ನೋಡಿ. 2015ರ ಆಸುಪಾಸು ಪಾಲಿಕೆ ಕಸ ಸಂಸ್ಕರಣಾ ಘಟಕಗಳನ್ನ ಶುರು ಮಾಡ್ತು, ಲಿಂಗಧೀರನಹಳ್ಳಿ, ಕನ್ನಹಳ್ಳಿ, ಸೀಗೇಹಳ್ಳಿ, ದೊಡ್ಡಬಿದರಕಲ್ಲು, ಚಿಕ್ಕನಾಗಮಂಗಲ ಹಿಂಗೆ. ಲಿಂಗಧೀರನಹಳ್ಳಿ ಪಕ್ಕ ಬನಶಂಕರಿ 6ನೇ ಹಂತ, ಬಿಡಿಎ ಸೈಟು, ಓದಿದ ಜನ, ರಿಟೈರ್ಡ್ ಆಫೀಸರ್‌ಗಳು. ಹೈಕೋರ್ಟ್‌ವರೆಗೂ ಹೋದ್ರು, ಘಟಕ ನಿಂತೋಯ್ತು. ಎಚ್‌ಎಸ್‌ಆರ್ ಪಕ್ಕದ ಸರ್ಕಾರಿ ಗೊಬ್ಬರ ಕಾರ್ಖಾನೆ 1975ರಿಂದ ಇರೋದು, ಸುತ್ತ ಲೇಔಟ್ ಬಂದಿದ್ದು ಆಮೇಲೆ, ಆದ್ರೂ ವಾಸನೆ ಅಂತ ದೊಡ್ಡ ಹೋರಾಟ ಆಯ್ತು. ಅವರ ಹೋರಾಟ ತಪ್ಪು ಅಂತ ಹೇಳ್ತಿಲ್ಲ ನಾನು, ವಾಸನೆ ಇತ್ತು, ನಿರ್ವಹಣೆ ಕೆಟ್ಟದಾಗಿತ್ತು. ಆದ್ರೆ ಗಮನಿಸಿ, ಇವೆಲ್ಲ ಸಂಸ್ಕರಣಾ ಘಟಕ, ಮಂಡೂರಲ್ಲಿ ಇದ್ದಿದ್ದು ಸಂಸ್ಕರಣೆ ಇಲ್ಲದ ಗುಡ್ಡೆ. ಕಮ್ಮಿ ಅಪಾಯದ್ದು ಬೇಗ ಮುಚ್ಚುತ್ತೆ, ಜಾಸ್ತಿ ಅಪಾಯದ್ದು ವರ್ಷಗಟ್ಟಲೆ ನಡೆಯುತ್ತೆ. ಯಾಕೆ? ವಕೀಲರು ಯಾರ ಪಕ್ಕದ್ಮನೇಲಿ ಇದ್ದಾರೆ ಅನ್ನೋದ್ರ ಮೇಲೆ.

ಗಿಳಿಮೂತಿ_ಮಾವು:
ಅದು ವರ್ಗದ ವಿಷ್ಯ ಆಯ್ತು, ಒಪ್ಪೋಣ. ಜಾತಿ ಎಲ್ಲಿಂದ ಬಂತು?

ಗಿರ್ಮಿಟ್_ಗ್ಯಾಂಗ್:
ಮಾವು ಸಾಹೇಬ್ರ, ನಾ ಹುಬ್ಬಳ್ಳಿಯಾಂವ, ಈಗ ಹ್ಯೂಸ್ಟನ್ನಾಗ ಇರ್ತೀನಿ. ನೀವು ಅಗ್ಗದ ಜಾಗಾ ಅಂದ್ರಿ ನೋಡ್ರಿ, ಅದs ಮಾತು ಇಲ್ಲೂ 1979ರಾಗ ಆಡಿದ್ರಂತ. ಇಲ್ಲೆ ನಾರ್ತ್‌ವುಡ್ ಮ್ಯಾನರ್ ಅಂತ ಒಂದು ಏರಿಯಾ ಐತಿ, ಕರಿಯರದು, ಆದ್ರ ಕೊಳಗೇರಿ ಅಲ್ರೀ, ಸ್ವಂತ ಮನಿ ಕಟ್ಕೊಂಡಿದ್ದ ಮಧ್ಯಮ ವರ್ಗದ ಮಂದಿ. ಅಲ್ಲೆ ಕಸದ ಗುಂಡಿ ತರಾಕ ನೋಡಿದ್ರು. ಲಿಂಡಾ ಬುಲ್ಲಾರ್ಡ್ ಅಂತ ವಕೀಲರು ಕೇಸ್ ಹಾಕಿದ್ರು, ಅವರ ಗಂಡ ರಾಬರ್ಟ್ ಬುಲ್ಲಾರ್ಡ್ ಸಮಾಜಶಾಸ್ತ್ರದ ಮಾಸ್ತರು. ಹೆಂಡತಿ ಕೇಸಿಗೆ ಸಾಕ್ಷಿ ಬೇಕು ಅಂತ ಗಂಡ ಹುಡುಗೂರನ್ನ ಕಟ್ಕೊಂಡು ಊರ ತುಂಬ ಹಳೇ ಕಸದ ಗುಂಡಿ ಎಲ್ಲೆಲ್ಲಿ ಅದಾವು ಅಂತ ಹುಡುಕಿದ್ರು. ಏನ್ ಸಿಕ್ಕಿತ್ರೀ? ನಗರಪಾಲಿಕಿ ಮಾಲ್ಕಿಯ ಐದೂ ಕಸದ ಗುಂಡಿ ಕರಿಯರ ಏರಿಯಾದಾಗ. ಎಂಟು ಕಸ ಸುಡೋ ಭಟ್ಟಿ ಒಳಗ ಆರು ಅಲ್ಲೇ. ಊರಾಗ ಕರಿಯರ ಪಾಲು ಕಾಲುಭಾಗ ಅಷ್ಟs.

ಹಂಗಾರ ಬರೇ ಅಗ್ಗದ ಜಾಗಾ ಅಂದ್ರ ಲೆಕ್ಕ ಹತ್ತಂಗಿಲ್ಲ. ಕೇಸ್ ಸೋತ್ರು ಮತ್ತ, ಗುಂಡಿ ಬಂತು. ಆದ್ರ ಆ ಪಟ್ಟಿ ಉಳೀತ್ರಿ. ನಮ್ಮ ಕಡೆ ಅಂಥಾ ಪಟ್ಟಿ ಯಾರರ ಮಾಡ್ಯಾರೇನು, ಯಾವ ಊರು, ಯಾವ ಕೇರಿ, ಎಷ್ಟು ವರ್ಷ? ಮಾಡಿ ನೋಡ್ರಿ, ಜಾತಿ ಐತೋ ಇಲ್ಲೋ ತಾನs ಗೊತ್ತಾಕ್ಕೈತಿ. ಮೊದ್ಲೇ ಇಲ್ಲಂತ ಯಾಕ ಹೇಳ್ತೀರಿ.

ಪಾಯಿಂಟ್_ಹುಡುಗ:
ಜಾತಿ ಎಲ್ಲಿಂದ ಬಂತು ಅಂತ ಕೇಳಿದ್ರಲ್ಲ ಅಣ್ಣ, ಬೆಳಗ್ಗೆ ಆರೂವರೆಗೆ ನಮ್ಮೇರಿಯಾ ಮಸ್ಟರಿಂಗ್ ಪಾಯಿಂಟಿಗೆ, ಅಂದ್ರೆ ಪೌರಕಾರ್ಮಿಕರು ಹಾಜರಿ ಹಾಕೋ ಜಾಗಕ್ಕೆ ಬನ್ನಿ, ಸಾಲಲ್ಲಿ ನಿಂತಿರೋರ ಹತ್ರ ಒಬ್ಬೊಬ್ಬರ ಊರು ಕೇರಿ ಕೇಳಿ. ನಮ್ಮಮ್ಮ ಪೌರಕಾರ್ಮಿಕರು, ನಾನು ಹುಟ್ಟೋಕ್ಮುಂಚಿಂದ ಪೊರಕೆ ಹಿಡ್ದಿದ್ದಾರೆ.

ನೀವೆಲ್ಲ ಗುಡ್ಡೆ ಬಗ್ಗೆ ಮಾತಾಡ್ತಿದೀರ, ಗುಡ್ಡೆಗೆ ಹೋಗೋ ಮುಂಚೆ ಆ ಕಸ ಒಂದು ಕೈ ದಾಟಿ ಹೋಗುತ್ತೆ. ಹೈಕೋರ್ಟ್ 2012ರಲ್ಲೇ ಮನೇಲೇ ಕಸ ಬೇರ್ಪಡಿಸಿ ಅಂತು, ಆಮೇಲೆ ಎರಡು ಡಬ್ಬಿ ಒಂದು ಚೀಲ ಅಂತ ರೂಲ್ ಬಂತು, ಆದ್ರೂ ಇವತ್ತಿಗೂ ಪ್ಯಾಡು, ಡೈಪರು, ಶುಗರ್ ಇರೋರ ಇಂಜೆಕ್ಷನ್ ಸೂಜಿ, ಒಡೆದ ಗ್ಲಾಸು ಎಲ್ಲಾ ಒಂದೇ ಕವರಲ್ಲಿ ಕಟ್ಟಿ ಬ್ಲಾಕ್ ಸ್ಪಾಟಿಗೆ, ರೋಡ್ ಪಕ್ಕದ ಕಸದ ರಾಶಿಗೆ, ಎಸೆದು ಹೋಗ್ತಾರೆ. ಕೊಟ್ಟಿರೋ ಗ್ಲೌಸ್ ಹಾಕ್ಕೊಂಡ್ರೆ ಪೊರಕೆ ಹಿಡಿಯೋಕಾಗಲ್ಲ, ಒಳಗೆ ಬೆವರು ಸುರಿಯುತ್ತೆ, ಕೈ ಬೆರಳೆಲ್ಲ ಕೊಳೆತ ಹಂಗಾಗುತ್ತೆ, ಬಿಚ್ಚಿಟ್ಟು ಗುಡಿಸ್ತಾರೆ, ಆಗ ಗಾಜು ಚುಚ್ಚುತ್ತೆ. ಫೋಟೋಗೆ ಮಾತ್ರ ಎಲ್ರೂ ಗ್ಲೌಸ್ ಹಾಕ್ಕೊಂಡಿರ್ತಾರೆ.

ಇನ್ನೊಂದು ಯಾರೂ ಮಾತಾಡಲ್ಲ. ಬೀಟ್ ಮೇಲೆ, ಅಂದ್ರೆ ಗುಡಿಸೋ ರೋಡ್‌ಗಳಲ್ಲಿ, ಟಾಯ್ಲೆಟ್ ಇಲ್ಲ. ಮಧ್ಯಾಹ್ನದವರೆಗೂ ಹೋಗೋಕೆ ಜಾಗ ಇಲ್ಲ ಅಂತ ನಮ್ಮಮ್ಮ ಬೆಳಗ್ಗೆಯಿಂದ ನೀರೇ ಕುಡಿಯಲ್ಲ. ಏಪ್ರಿಲ್ ಬಿಸಿಲಲ್ಲಿ ಮೇನ್ ರೋಡ್ ಧೂಳಲ್ಲಿ ಗುಡಿಸ್ಕೊಂಡು. ಉರಿಮೂತ್ರ ಅಂತ ಎಷ್ಟು ಸಲ ಆಸ್ಪತ್ರೆಗೆ ಕರ್ಕೊಂಡು ಹೋಗಿದೀನೋ, ಡಾಕ್ಟ್ರು ಜಾಸ್ತಿ ನೀರು ಕುಡೀಬೇಕಮ್ಮ ಅಂತಾರೆ, ಅಮ್ಮ ಹೂಂ ಸಾರ್ ಅಂತಾರೆ. ಮನೆಗೆ ಬಂದ್ರೆ ನಮ್ಮದು ಶೀಟ್ ಮನೆ, ಮಧ್ಯಾಹ್ನ ಮೂರು ಗಂಟೆಗೆ ಒಳಗಿಗಿಂತ ಹೊರಗೇ ತಂಪು.

ಕಷಾಯ_ಕುಡಿದವ:
ಪಾಯಿಂಟ್ ಹುಡುಗ ಹೇಳಿದ್ದನ್ನ ಇನ್ನೊಂದ್ಸಲ ಓದಿ ಎಲ್ರೂ. ನಾನು ಸಮುದಾಯ ಆರೋಗ್ಯ ಓದಿದವನು, ಒಪಿಡಿಯಲ್ಲಿ ಕೂತಿದ್ದೂ ಇದೆ. ಹೆಬ್ಬಾಳ_ದಾಟಿ ಕೇಳಿದ ಲೆಕ್ಕ ಯಾಕೆ ಇಲ್ಲ ಅಂತ ಸ್ವಲ್ಪ ಉದ್ದಕ್ಕೆ ಬರೀತೀನಿ, ಸಹಿಸ್ಕೊಳ್ಳಿ.

ಒಂದೇ ಗಾಳಿ ಇಬ್ಬರು ಕುಡಿದ್ರೂ ಇಬ್ಬರಿಗೂ ಒಂದೇ ಅಪಾಯ ಅಲ್ಲ. ಒಬ್ಬ ದಿನಕ್ಕೆ ಒಂದು ಗಂಟೆ ರೋಡಲ್ಲಿ, ಕಾರ್ ಗ್ಲಾಸ್ ಏರಿಸ್ಕೊಂಡು. ಇನ್ನೊಬ್ಬಳು ಎಂಟು ಗಂಟೆ ಅದೇ ರೋಡ್ ಗುಡಿಸ್ತಾಳೆ, ಮನೇಲಿ ಸೌದೆ ಒಲೆ, ರಕ್ತಹೀನತೆ ಮೊದ್ಲೇ ಇದೆ, ಕೆಮ್ಮು ಬಂದ್ರೆ ಒಂದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗ್ಬೇಕು ಅಂತ ಮುಂದೂಡ್ತಾಳೆ, ಬರೋ ಹೊತ್ತಿಗೆ ನ್ಯುಮೋನಿಯಾ. ಹೊಗೆ, ಧೂಳು, ನೀರು, ಬಡತನ, ತಡವಾದ ಚಿಕಿತ್ಸೆ ಎಲ್ಲಾ ಒಂದೇ ಮೈ ಮೇಲೆ ಬಿದ್ದಿರುತ್ತೆ. ಕೋರ್ಟಲ್ಲಿ ನಿಂತು ಇದು ಕಸದಿಂದಾನೇ ಬಂತು ಅಂತ ಬಿಡಿಸಿ ತೋರ್ಸು ಅಂದ್ರೆ ಯಾವ ಡಾಕ್ಟ್ರಿಗೂ ಸುಲಭ ಅಲ್ಲ. ಇನ್ನೊಂದು ಕಡೆಯ ವಕೀಲರಿಗೆ ಅಷ್ಟು ಸಾಕು, ಅವಳು ಒಲೆ ಹೊಗೆ ಕುಡೀತಿದ್ಲು ಸ್ವಾಮಿ ಅಂತ ಒಂದು ಮಾತು ಹೇಳಿದ್ರೆ ಮುಗೀತು. ಬಡತನದಿಂದ ಮೈ ಹಣ್ಣಾಗಿರೋದೇ ಕಸ ಸುರಿದವರಿಗೆ ರಕ್ಷಣೆ ಆಗಿಬಿಡುತ್ತೆ.

ಇನ್ನು ಅಳತೆ ವಿಷ್ಯ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕ್ಯಾನ್ಸರ್ ನೋಂದಣಿ 1982ರಿಂದ ನಡೀತಿದೆ, ದೇಶದಲ್ಲೇ ಹಳೇದರಲ್ಲಿ ಒಂದು, ಒಳ್ಳೇ ಕೆಲಸ. ಆದ್ರೆ ಹೊರಗೆ ಬರೋ ಸಂಖ್ಯೆ ಇಡೀ ಬೆಂಗಳೂರಿಗೆ ಸೇರಿಸಿ. ಸದಾಶಿವನಗರ, ಗೋರಿಪಾಳ್ಯ ಎರಡನ್ನೂ ಕೂಡಿಸಿ ಭಾಗಿಸಿದ ಸರಾಸರೀಲಿ ಗೋರಿಪಾಳ್ಯ ಕಾಣಲ್ಲ. ಕಸದ ಊರುಗಳಂತೂ ಎಷ್ಟೋ ಸಲ ನಗರದ ಗಡಿ ಆಚೆ. ಗಾಳಿ ಅಳೆಯೋ ಸ್ಟೇಷನ್‌ಗಳು ಪೀಣ್ಯ, ಹೆಬ್ಬಾಳ, ಜಯನಗರ, ಸಿಲ್ಕ್ ಬೋರ್ಡ್ ಹಿಂಗೆ ಕೆಲವು ಕಡೆ ಇವೆ, ಕಸ ಉರಿಯೋ ಗುಡ್ಡೆ ಪಕ್ಕ ಇಲ್ಲ. ಗಾಳೀಲಿರೋ ಅತಿ ಸಣ್ಣ ಧೂಳಿನ ಕಣಕ್ಕೆ, ಅಂದ್ರೆ ಪಿಎಂ 2.5ಗೆ, ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರ್‌ಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 5ಕ್ಕೆ ಇಳಿಸಿತು. ಅಂದ್ರೆ ನಮ್ಮಲ್ಲಿ ಮಿತಿಯೊಳಗಿದೆ ಅಂತ ಬರೆದ ಗಾಳೀನೂ ಅವರ ಪ್ರಕಾರ ಎಂಟು ಪಟ್ಟು ಇರಬಹುದು.

ಸ್ಟಡಿ ಮಾಡೋದು ಕಷ್ಟ ಅಲ್ಲ ನಿಜವಾಗಿ. ಗುಡ್ಡೆಯಿಂದ ದೂರದ ಪ್ರಕಾರ ಮನೆ ಮನೆ ಸರ್ವೆ, ಅದೇ ಥರದ ಆರ್ಥಿಕ ಸ್ಥಿತಿಯ ಇನ್ನೊಂದು ಊರಿನ ಜೊತೆ ಹೋಲಿಕೆ, ಮಕ್ಕಳ ಶ್ವಾಸಕೋಶ ಹೆಂಗಿದೆ ಅಂತ ನೋಡೋ ಊದೋ ಪರೀಕ್ಷೆ, ಬೋರ್ ನೀರಲ್ಲಿ ನೈಟ್ರೇಟ್, ಸೀಸ, ಇ-ಕೋಲೈ ಬ್ಯಾಕ್ಟೀರಿಯಾ. ಒಂದು ಫ್ಲೈಓವರ್‌ನ ಬಣ್ಣದ ಖರ್ಚೂ ಆಗಲ್ಲ.

ತಿಳಿಸಾರು:
ಕೊನೇ ಸಾಲು 😂 ಆದ್ರೆ ನಿಜ

ಎಂತ_ಮಾರಾಯ್ರೆ:
ಬೆಂಗಳೂರಿನವರದ್ದು ಮಾತ್ರ ಕಥೆ ಅಂತ ಎಣಿಸಬೇಡಿ. ನಮ್ಮ ಪಚ್ಚನಾಡಿ ಗೊತ್ತುಂಟಲ್ಲ, ಮಂಗಳೂರಿನ ಕಸ ಹಾಕುವ ಗುಡ್ಡೆ. 2019ರ ಆಗಸ್ಟ್‌ನಲ್ಲಿ ಮಳೆ ಜೋರು ಬಂದು ಆ ಗುಡ್ಡೆಯೇ ಜಾರಿತು ಮಾರಾಯ್ರೆ. ನೀರಿನ ಹಾಗೆ ಅಲ್ಲ, ಮೆಲ್ಲ ಮೆಲ್ಲ, ದಿನಗಟ್ಟಲೆ ಜಾರಿಕೊಂಡೇ ಬಂತು. ಕೆಳಗೆ ಮಂದಾರ ಅಂತ ಜಾಗ, ಅಡಿಕೆ ತೋಟ, ತೆಂಗಿನ ಮರ, ನಾಗಬನ, ಮನೆ ಎಲ್ಲ ಉಂಟು. ತೋಟ ಹೂತುಹೋಯ್ತು, ಮನೆಯವರನ್ನು ಎಬ್ಬಿಸಿ ಬೇರೆ ಕಡೆ ಫ್ಲ್ಯಾಟಿಗೆ ಹಾಕಿದ್ರು. ತಲೆಮಾರಿನಿಂದ ಬಾವಿ ನೀರು ಕುಡಿದು ತೋಟ ಮಾಡಿಕೊಂಡಿದ್ದ ಅಜ್ಜಂದಿರು ಫ್ಲ್ಯಾಟಿನಲ್ಲಿ ಕೂತು ಎಂತ ಮಾಡುದು? ಗುಡ್ಡೆಯ ರಸ ಹರಿದು ಫಲ್ಗುಣಿ ನದಿಗೆ ಹೋಗ್ತದೆ ಅಂತ ದೂರು ಬೇರೆ.

ಇಲ್ಲಿ ಅವರು ಬಡವರೇ ಅಂತ ಹೇಳ್ಲಿಕ್ಕೆ ಆಗುದಿಲ್ಲ, ತೋಟ ಇದ್ದವರು. ಆದ್ರೆ ಗುಡ್ಡೆಯ ಕೆಳಗೆ ಇದ್ದವರು, ಓಟು ಕಡಿಮೆ ಇದ್ದವರು. ಹಾಗಾಗಿ ಜಾತಿ, ದುಡ್ಡು, ಓಟು ಮೂರೂ ಸೇರಿಸಿ ನೋಡ್ಬೇಕು ಅಂತ ನನ್ನ ಅಭಿಪ್ರಾಯ.

ಐದ್‌ಲೈಟ್_ಮಾರಿಕುಪ್ಪಂ:
ನಮ್ಮ ಕೆಜಿಎಫ್‌ನೂ ಸೇರಿಸ್ಕೊಳ್ಳಿ ಸಾರ್. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿದ್ರು, ಸೈನೈಡ್ ದಿಬ್ಬ ಅಲ್ಲೇ ಇದೆ. ಕಲ್ಲನ್ನ ಹಿಟ್ಟು ಮಾಡಿ, ಸೈನೈಡ್ ಹಾಕಿ ಚಿನ್ನ ಕರಗಿಸಿ ತಗೊಂಡ ಮೇಲೆ ಉಳಿದ ಮಣ್ಣು. ಹದಿಮೂರು ದಿಬ್ಬ, ಮೂರು ಕೋಟಿ ಟನ್‌ಗಿಂತ ಜಾಸ್ತಿ. ಗಾಳಿ ಬೀಸೋ ಕಾಲದಲ್ಲಿ ಬಿಳೀ ಧೂಳು ಮನೆ ಒಳಗೆ, ಅನ್ನದ ಪಾತ್ರೆ ಒಳಗೆ. ಸೈನೈಡ್ ಬಿಸಿಲಿಗೆ ಕಾಲ ಕಳೆದಂಗೆ ಒಡೆಯುತ್ತೆ ಅಂತಾರೆ, ಒಪ್ಪಿದೆ, ಆ ನುಣ್ಣನೆ ಕಲ್ಲಿನ ಧೂಳು ಎಲ್ಲಿಗೆ ಹೋಗುತ್ತೆ? ತಾತ ಗಣಿ ಒಳಗೆ ಆ ಧೂಳು ಕುಡಿದು ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ಬಂದು ಹೋದವರು, ನಾವು ಹೊರಗೆ ಕುಡೀತಿದೀವಿ. ಲೈನ್ ಮನೆಗಳಲ್ಲಿ ಇದ್ದವರು ಯಾರು, ಬಂಗಲೆಯಲ್ಲಿ ಇದ್ದವರು ಯಾರು ಅಂತ ಬಿಡಿಸಿ ಹೇಳ್ಬೇಕಾ.

2024ರಲ್ಲಿ ಆ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯೋಕೆ ರಾಜ್ಯ ಸರ್ಕಾರ ಒಪ್ಪಿಗೆ ಕೊಡ್ತು. ಅಂದ್ರೆ ಆ ಮಣ್ಣನ್ನ ಮತ್ತೆ ಕೆದಕ್ತಾರೆ. ಚಿನ್ನದ ಲೆಕ್ಕ ಪೇಪರಲ್ಲಿ ಬಂತು, ಧೂಳಿನ ಲೆಕ್ಕ ಬರ್ಲಿಲ್ಲ.

ಅಂದಂಗೆ ಮಲ ಹೊರೋ ಪದ್ಧತಿ ವಿರುದ್ಧ ದೇಶಾದ್ಯಂತ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ತಗೊಂಡ ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನಲ್ಲೇ ಹುಟ್ಟಿದವರು. ಚಿನ್ನದ ಊರಲ್ಲಿ ಕೈಯಲ್ಲಿ ಬಾಚೋ ಕಕ್ಕಸು ಇತ್ತು. ಜಾತಿ ಎಲ್ಲಿಂದ ಬಂತು ಅಂದವರಿಗೆ ಇದು.

ಗಿಳಿಮೂತಿ_ಮಾವು:
ಎಲ್ರೂ ಸೇರಿ ನನ್ನ ಮೇಲೆ ಬೀಳ್ಬೇಡ್ರಪ್ಪ. ಸರಿ, ಕೆಲಸ ಮಾಡೋರ ವಿಷ್ಯದಲ್ಲಿ ಜಾತಿ ಇದೆ, ಅದನ್ನ ಯಾವನೂ ಇಲ್ಲ ಅನ್ನೋಕಾಗಲ್ಲ. ನಾನು ಹೇಳಿದ್ದು ಜಾಗ ಆರಿಸೋ ವಿಷ್ಯ. ಅಲ್ಲೂ ಪಟ್ಟಿ ಮಾಡಿ ನೋಡೋಣ ಅಂದ್ರೆ ನಂದೇನು ಅಭ್ಯಂತರ ಇಲ್ಲ. ಆದ್ರೆ ಒಂದು ಕೇಳ್ತೀನಿ, ಬೆಳ್ಳಂದೂರು ಕೆರೆ ಪಕ್ಕ ಇರೋದು ಕೋಟಿ ಕೋಟಿ ಫ್ಲ್ಯಾಟು, ನೊರೆ ಅವರ ಬಾಲ್ಕನಿಗೇ ಬಂತಲ್ಲ? ದುಡ್ಡಿದ್ದೋರಿಗೆ ಏನೂ ಆಗಲ್ಲ ಅನ್ನೋದು ಸುಳ್ಳಲ್ವಾ?

ಬಿಡದಿ_ತಟ್ಟೆಇಡ್ಲಿ:
ಬೆಳ್ಳಂದೂರು ಒಳ್ಳೇ ಉದಾಹರಣೆ ತೆಗೆದ್ರಿ ಅಣ್ಣ, ನಾನೇ ಹೇಳೋಣ ಅಂತಿದ್ದೆ. 2015ರಲ್ಲಿ ನೊರೆ, ಬೆಂಕಿ. 2017ರಲ್ಲಿ ಬೆಂಕಿ. 2018ರ ಜನವರೀಲಿ ಮತ್ತೆ ಬೆಂಕಿ, ಸೇನೆಯವರು ಬಂದು ಆರಿಸಿದ್ರು. ಪ್ರಪಂಚದ ಟಿವಿಯವರೆಲ್ಲ ಬಂದ್ರು, ಪರಿಸರದ ಕೇಸು ನೋಡೋ ಹಸಿರು ನ್ಯಾಯಮಂಡಳಿ ತಾನೇ ಕೇಸ್ ತಗೊಂಡು 2018ರ ಡಿಸೆಂಬರ್‌ನಲ್ಲಿ ರಾಜ್ಯಕ್ಕೆ 50 ಕೋಟಿ ದಂಡ ಹಾಕ್ತು. ಆಗ್ಬೇಕಾದ್ದೇ.

ಈಗ ನಮ್ಮ ಕಡೆ ಬನ್ನಿ. ವೃಷಭಾವತಿ ನದಿ ಬಸವನಗುಡಿ ಕಡೆ ಹುಟ್ಟಿ, ಮೈಸೂರು ರಸ್ತೆ ಪಕ್ಕ ಮೋರಿಯಾಗಿ, ನಾಯಂಡಹಳ್ಳಿ, ಕೆಂಗೇರಿ ದಾಟ್ಕೊಂಡು, ದಾರೀಲಿ ಕಾರ್ಖಾನೆ ನೀರೆಲ್ಲ ಕುಡ್ಕೊಂಡು ಬೈರಮಂಗಲ ಕೆರೆಗೆ ಬರ್ತಾಳೆ. ಅಲ್ಲೂ ನೊರೆ ಬರುತ್ತೆ, ಎಷ್ಟೋ ವರ್ಷದಿಂದ. ಅದೇ ನೀರು ಕಾಲುವೇಲಿ ಹೊಲಕ್ಕೆ ಹೋಗುತ್ತೆ. ಕಾಲು ತುರಿಕೆ ಬಂದ್ರೇನು, ಗೊಬ್ಬರ ಕಮ್ಮಿ ಹಾಕ್ಬೋದಲ್ಲ ಅಂತ ತಮಾಷೆ ಮಾಡ್ಕೊಂಡು ನಿಂತ ನೀರಲ್ಲೇ ಕೆಲಸ ಮಾಡ್ತಾರೆ ನಮ್ಮೋರು. ಬೇಬಿ ಕಾರ್ನ್, ಹುಲ್ಲು ಬೆಳೀತಾರೆ, ಹುಲ್ಲು ಹಸು ತಿನ್ನುತ್ತೆ, ಹಾಲು ಬೆಂಗಳೂರಿಗೆ. ಬೆಳ್ಳಂದೂರಿನ ನೊರೆಗೆ ವಿದೇಶಿ ಕ್ಯಾಮೆರಾ, ಬೈರಮಂಗಲದ ನೊರೆಗೆ ಲೋಕಲ್ ಪೇಪರ್‌ನ ಒಳಪುಟ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ನೋಡಿ, ದುಡ್ಡಿದ್ದೋರಿಗೂ ಆಗುತ್ತೆ, ಆದ್ರೆ ಅವರಿಗಾದ್ರೆ ಸುದ್ದಿ ಆಗುತ್ತೆ. ಕಿಟಕಿ ಮುಚ್ಚಿ ಏರ್ ಪ್ಯೂರಿಫೈಯರ್ ಹಾಕ್ಕೊಳ್ತಾರೆ, ಆಗ್ಲಿಲ್ಲ ಅಂದ್ರೆ ಮನೆ ಬಾಡಿಗೆಗೆ ಕೊಟ್ಟು ಬೇರೆ ಕಡೆ ಹೋಗ್ತಾರೆ. ಕೆರೆ ದಂಡೇಲಿ ಟಾರ್ಪಾಲ್ ಶೆಡ್ ಹಾಕ್ಕೊಂಡಿದ್ದೋರು ಕ್ಯಾಮೆರಾದಲ್ಲಿ ಬರ್ಲೂ ಇಲ್ಲ.

ಕೋಲಾರ_ಮಾವಿನತೋಟ:
ನಮ್ಮ ಕೋಲಾರದ ಕೆರೆಗಳಿಗೆ ಬಿಡೋ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರು, ಅಂದ್ರೆ ಬೆಂಗಳೂರಿನ ಕೊಳಚೆ ಶುದ್ಧ ಮಾಡಿದ ನೀರು, ಅದೂ ಬೆಳ್ಳಂದೂರು ಕಡೆಯಿಂದಾನೇ ಬರೋದು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಿಟ್ರು, ತಿಂಗಳೊಳಗೆ ನೊರೆ, ಕೋರ್ಟು ತಡೆ, ಆಮೇಲೆ ತೆರವು, ದೊಡ್ಡ ಕಥೆ. ಎರಡು ಹಂತ ಶುದ್ಧ ಮಾಡಿ ಬಿಡ್ತಾರೆ, ಮೂರನೇ ಹಂತನೂ ಮಾಡಿ ಅಂತ ನಮ್ಮೋರ ಬೇಡಿಕೆ. ನಾನು ಇದನ್ನ ಪೂರ್ತಿ ವಿರೋಧಿಸಲ್ಲ ಮಾತ್ರ. ಸಾವಿರ ಅಡಿ ಕೊರೆದ್ರೂ ಧೂಳು ಬರ್ತಿದ್ದ ಕಡೆ ಬೋರ್‌ನಲ್ಲಿ ನೀರು ಬಂತು, ಟೊಮ್ಯಾಟೊ ಬಂತು. ನಮಗಿರೋ ಆಯ್ಕೆ ನೋಡಿ, ಒಣಗಿ ಸಾಯೋದಾ, ಇಲ್ಲ ಅವರು ಬಳಸಿ ಬಿಟ್ಟ ನೀರು ಕಣ್ಮುಚ್ಚಿ ತಗೊಳ್ಳೋದಾ. ಅಲ್ಲೊಬ್ಬರು ಹೇಳಿದ್ರಲ್ಲ ಅಗ್ಗದ ಜಾಗ ಅಂತ, ಬಾಯಾರಿದೋರ ಜಾಗ ಅನ್ನಿ.

ಹೆಬ್ಬಾಳ_ದಾಟಿ:
ಇಷ್ಟು ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಎಲ್ಲಾ ಓದ್ತಿದೀನಿ. ನನಗನ್ಸೋದು, ಕಷಾಯ ಸರ್ ಹೇಳಿದ ಸರಾಸರಿ ವಿಷ್ಯಾನೇ ಇದರ ಬೇರು. ಮೊದ್ಲು ಊರನ್ನ ನಗರದ ಗಡಿ ಆಚೆ ಇಡ್ತಾರೆ, ಹಂಗಾಗಿ ನಗರದ ಲೆಕ್ಕದಲ್ಲಿ ಆ ಊರಿನ ಕಾಯಿಲೆ ಬರಲ್ಲ. ಗಡಿ ಒಳಗೆ ಬಂದಾಗ ಕೋಟಿಗಟ್ಟಲೆ ಜನರ ಸರಾಸರೀಲಿ ಮುಚ್ಚಿಹೋಗುತ್ತೆ. ಎರಡೂ ಕಡೆ ಕಾಣಲ್ಲ, ಕಾಣ್ದೇ ಇದ್ದದ್ದಕ್ಕೆ ಪರಿಹಾರನೂ ಇಲ್ಲ. ಇದನ್ನ ಕಾನೂನು ಗೊತ್ತಿರೋರು ಯಾರಾದ್ರೂ ಹೇಳಿ, ಜನ ಏನು ಮಾಡ್ಬೋದು?

ಕರಿಕೋಟು:
ಚಿಕ್ಕದಾಗಿ ಹೇಳ್ತೀನಿ, ಇದು ಸಲಹೆ ಅಷ್ಟೇ, ನಿಮ್ಮ ವಕೀಲರನ್ನ ಕೇಳಿ.

ಜಾಗದ ಬಗ್ಗೆ: 2016ರ ಘನತ್ಯಾಜ್ಯ ನಿಯಮದಲ್ಲಿ ಕಸ ಹೂಳೋ ಜಾಗ ನದಿಯಿಂದ 100 ಮೀಟರ್, ಕೆರೆ, ಹೆದ್ದಾರಿ, ಜನವಸತಿ, ಕುಡಿಯೋ ನೀರಿನ ಬಾವಿಯಿಂದ 200 ಮೀಟರ್, ವಿಮಾನ ನಿಲ್ದಾಣದಿಂದ 20 ಕಿಲೋಮೀಟರ್ ದೂರ ಇರ್ಬೇಕು ಅಂತ ಇತ್ತು. ವಿಮಾನಕ್ಕೆ 20 ಕಿಲೋಮೀಟರ್, ಮನುಷ್ಯರಿಗೆ 200 ಮೀಟರ್. ಹಕ್ಕಿ ವಿಮಾನಕ್ಕೆ ಬಡಿಯೋ ಅಪಾಯ ನಿಜ, ಅದನ್ನ ಅಲ್ಲಗಳೆಯಲ್ಲ, ಆದ್ರೂ ಆ ಎರಡು ಸಂಖ್ಯೆ ಅಕ್ಕಪಕ್ಕ ಇಟ್ಟು ನೋಡಿ.

ಹೊಸ ಘಟಕಕ್ಕೆ 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ಅನುಮತಿ ಬೇಕಾದ್ರೆ, ಸಾರ್ವಜನಿಕ ಅಹವಾಲು ಸಭೆ ಇದ್ದಾಗ ಕನಿಷ್ಠ 30 ದಿನ ಮುಂಚೆ ನೋಟಿಸ್ ಕೊಡ್ಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೇಲಿ ಇರ್ಬೇಕು. ಕನ್ನಡದ್ದು ಕೇಳಿ ತಗೊಳ್ಳಿ, ಓದಿ. ಎಷ್ಟೋ ಸಲ ಅಲ್ಲೇ ನಿಮ್ಮ ಊರಿನ ಕೆರೇನೇ ನಕ್ಷೇಲಿ ಇರಲ್ಲ. ಸಭೇಲಿ ಕೂಗಾಡಿದ್ದು ದಾಖಲಾಗಲ್ಲ, ಬರೆದು ಕೊಟ್ಟು ಸ್ವೀಕೃತಿ ಹಾಕಿಸ್ಕೊಳ್ಳಿ.

ಪರಿಹಾರ: ಹಸಿರು ನ್ಯಾಯಮಂಡಳಿ ಕಾಯ್ದೆ 2010ರ ಸೆಕ್ಷನ್ 15ರಲ್ಲಿ ಕೇಳ್ಬೋದು, ಕಾರಣ ಹುಟ್ಟಿದ ಐದು ವರ್ಷದೊಳಗೆ. ದಕ್ಷಿಣ ಪೀಠ ಇರೋದು ಚೆನ್ನೈನಲ್ಲಿ. ಹೊಲ ಬಿಟ್ಟು ಮಂಡೂರಿಂದ ಚೆನ್ನೈಗೆ ಯಾರು ಓಡಾಡ್ತಾರೆ ಅಂತ ನೀವು ಕೇಳ್ಬೋದು, ಸರಿಯಾಗೇ ಕೇಳಿದ್ರಿ. ಈಗ ಆನ್‌ಲೈನ್ ಫೈಲಿಂಗ್ ಇದೆ, ಸ್ವಲ್ಪ ಸುಲಭ. ಆದ್ರೆ ಅಲ್ಲಿ ನಿಲ್ಲೋದು ಕಾಗದ. ನೀರಿನ ವರದಿ ಬೇಕು.

ಗಿಳಿಮೂತಿ_ಮಾವು:
@ಹೆಬ್ಬಾಳ_ದಾಟಿ ನೇರವಾಗಿ ಕೇಳ್ತೀನಿ, ನಾಳೆ ನಿಮ್ಮ ಅಪಾರ್ಟ್‌ಮೆಂಟ್ ಪಕ್ಕದ ಖಾಲಿ ಜಾಗದಲ್ಲಿ ನಿಮ್ಮ ವಾರ್ಡಿನ ಹಸಿ ಕಸಕ್ಕೆ ಬಯೋಗ್ಯಾಸ್ ಘಟಕ ಬಂದ್ರೆ ಸಹಿ ಹಾಕ್ತೀರಾ?

ಹೆಬ್ಬಾಳ_ದಾಟಿ:
ನಾನು ಹಾಕ್ತೀನಿ. ಕಮಿಟಿ ಮೀಟಿಂಗಲ್ಲಿ ಇದನ್ನ ಎತ್ತಿದ್ದೆ ಕೂಡ. ಫ್ಲ್ಯಾಟ್ ರೇಟ್ ಬೀಳುತ್ತೆ ಅಂತ ಅಲ್ಲೇ ಮುಗಿಸಿದ್ರು, ನನ್ನ ಪರ ಕೈ ಎತ್ತಿದ್ದು ಮೂರನೇ ಮಹಡಿ ಅಂಕಲ್ ಒಬ್ರೇ, ಅವರೂ ಗೊಬ್ಬರ ಫ್ರೀ ಸಿಗುತ್ತಾ ಅಂತ ಕೇಳಿ ಎತ್ತಿದ್ದು.

ಒಲೆಮುಂದೆ_ಕೂತವಳು:
ಅಂಕಲ್‌ಗೆ ನನ್ನ ನಮಸ್ಕಾರ ಹೇಳಿ 🙂 ನಿಮ್ಮಲ್ಲಿ ಮೀಟಿಂಗ್ ಆದ್ರೂ ಆಯ್ತು.

ಕರಿಕೋಟು ಸರ್, ನೀರಿನ ವರದಿ ಅಂದ್ರಲ್ಲ, ಅದನ್ನ ಎಲ್ಲಿ ಮಾಡ್ಸೋದು? ಮಾವನ ಮನೆ ಬೋರು ಈಗ್ಲೂ ಒಂಥರಾ ಬಣ್ಣ ಬರುತ್ತೆ. ಗುಡ್ಡೆಗೆ ಕಸ ಬರೋದು ನಿಂತು ವರ್ಷಗಳಾಯ್ತು, ಈಗ ಮಾಡ್ಸಿದ್ರೂ ಉಪಯೋಗ ಇದೆಯಾ?

ಕಷಾಯ_ಕುಡಿದವ:
ಇದೆ ಅಕ್ಕ, ಖಂಡಿತ ಮಾಡ್ಸಿ. ಲಾರಿ ನಿಂತ್ರೂ ಗುಡ್ಡೆ ಒಳಗೆ ಕೊಳೆಯೋದು ಎಷ್ಟೋ ವರ್ಷ ನಡೆಯುತ್ತೆ, ಪ್ರತಿ ಮಳೆಗೂ ರಸ ಇಳಿಯುತ್ತೆ. ಗ್ರಾಮೀಣ ಕುಡಿಯೋ ನೀರು ಇಲಾಖೆಯ ಪ್ರಯೋಗಾಲಯ ಜಿಲ್ಲೇಲಿ ಇರುತ್ತೆ, ಪಂಚಾಯ್ತಿ ಪಿಡಿಓ ಹತ್ರ ಕೇಳಿದ್ರೆ ಹೇಳ್ತಾರೆ. ಮೋಟ್ರು ಹಾಕಿ ಐದ್ಹತ್ತು ನಿಮಿಷ ನೀರು ಹರಿಯೋಕೆ ಬಿಟ್ಟು ಆಮೇಲೆ ಹಿಡೀರಿ. ರಾಸಾಯನಿಕ ಪರೀಕ್ಷೆಗೆ ಎರಡು ಲೀಟರ್ ಕ್ಯಾನು, ಅದೇ ನೀರಲ್ಲಿ ಎರಡ್ಮೂರು ಸಲ ತೊಳೆದು ತುಂಬ್ಸಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಬೇರೆ ಬಾಟ್ಲು, ಲ್ಯಾಬಿನವರೇ ಕ್ರಿಮಿಶುದ್ಧ ಮಾಡಿ ಕೊಡ್ತಾರೆ, ಅದನ್ನ ತೊಳೀಬೇಡಿ, ಐಸ್ ಡಬ್ಬೀಲಿ ಇಟ್ಟು ಅದೇ ದಿನ ತಲುಪ್ಸಿ. ನೈಟ್ರೇಟ್, ಒಟ್ಟು ಕರಗಿದ ಲವಣ, ಅಮೋನಿಯಾ, ಸೀಸ, ಕ್ಯಾಡ್ಮಿಯಂ ಅಂತ ಹೆಸರು ಹೇಳಿ ಕೇಳಿ, ಭಾರ ಲೋಹ ಎಲ್ಲಾ ಲ್ಯಾಬಲ್ಲಿ ಆಗಲ್ಲ. ನೈಟ್ರೇಟ್ ಲೀಟರ್‌ಗೆ 45 ಮಿಲಿಗ್ರಾಂ ದಾಟಿದ್ರೆ ಮನೇಲಿ ಹಸುಗೂಸು ಇದ್ರೆ ಆ ನೀರು ಕೊಡ್ಲೇಬೇಡಿ, ಕಾಯಿಸಿದ್ರೂ ಹೋಗಲ್ಲ, ಇನ್ನೂ ಜಾಸ್ತಿ ಆಗುತ್ತೆ.

ಒಂದೇ ಬೋರ್‌ದು ಮಾಡಿಸ್ಬೇಡಿ. ಗುಡ್ಡೆ ಕೆಳಗಿನ ಮನೆಗಳದ್ದು ಕೆಲವು, ಗುಡ್ಡೆ ಮೇಲ್ಭಾಗದ್ದು ಒಂದೆರಡು, ಒಂದೇ ದಿನ. ಮಳೆಗಾಲ ಮುಗಿದ ಮೇಲೆ ಮತ್ತೊಂದು ಸಲ.

ಒಲೆಮುಂದೆ_ಕೂತವಳು:
ಸರಿ ಸರ್. ಮಾವನ ಹತ್ರ ಮಾತಾಡ್ತೀನಿ, ಪಕ್ಕದ ನಾಲ್ಕೈದು ಮನೆಯವರನ್ನೂ ಕೇಳ್ತೀನಿ. ಬಾಟ್ಲು ಲ್ಯಾಬಿಂದ ಮೊದ್ಲೇ ತರ್ಬೇಕಾ, ಇಲ್ಲ ಅವರೇ ಬರ್ತಾರಾ?

ಪಾಯಿಂಟ್_ಹುಡುಗ:
ಭಾನುವಾರ ಆದ್ರೆ ನಾನೂ ಬರ್ತೀನಿ ಅಕ್ಕ, ಗಾಡಿ ಇದೆ. ಭಾನುವಾರ ಲ್ಯಾಬ್ ಇರುತ್ತಾ ಅಂತ ಕೇಳಿ ಹೇಳಿ.